ಎರಡು ಬೀದಿಗೆ ಗಂಟಲಾದ ವನೀಸ್ ಮೇಷ್ಟ್ರು

ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸದ ಕಿಯಾಕ್ ತಿಂಗಳ ಒಂದು ಭಾನುವಾರ. ಹೊತ್ತು ಇನ್ನೂ ಮೂಡಿಲ್ಲ. ಕಬ್ಬಿನ ಗದ್ದೆಗಳ ಮೇಲಿಂದ ಬೀಸುವ ಚಳಿಗಾಳಿಗೆ ಉಣ್ಣೆಯ ಶಾಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡ ಗಂಡಸರು ನಜಾ ಸಫ್ಸಾಫ್ ಊರಿನ ಮಾರ್ ಬುಕ್ತೋರ್ ಚರ್ಚಿನೊಳಗೆ ಬಂದು ನಿಂತಿದ್ದಾರೆ. ಬಲಿಪೀಠದ ಪರದೆಯ ಮುಂದೆ ಎರಡು ಸಾಲು. ಎಡಗಡೆಯದು ಊರಿನ ಉತ್ತರ ಬೀದಿಯವರ ಸಾಲು, ಬಲಗಡೆಯದು ದಕ್ಷಿಣ ಬೀದಿಯವರ ಸಾಲು. ಎರಡರ ನಡುವೆ ಬೂದು ಬಣ್ಣದ ನಿಲುವಂಗಿ ತೊಟ್ಟ, ಕುಳ್ಳನೆಯ, ಕಣ್ಣು ಮುಚ್ಚಿದ ಮುದುಕರೊಬ್ಬರು ಕೈಯಲ್ಲಿ ಕಂಚಿನ ತಾಳ ಹಿಡಿದು ನಿಂತಿದ್ದಾರೆ. ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಇಡೀ ಚರ್ಚು ಮೌನವಾಗುತ್ತದೆ.

ತಾಳ ಬೀಳುತ್ತದೆ. ಉತ್ತರದ ಸಾಲು ಕೀರ್ತನೆಯ ಮೊದಲ ಸಾಲನ್ನು ಎತ್ತಿಕೊಳ್ಳುತ್ತದೆ. ಅವರ ಉಸಿರು ಮುಗಿಯುವ ಮೊದಲೇ ದಕ್ಷಿಣದವರು ಮರುಸಾಲನ್ನು ಕಿತ್ತುಕೊಂಡಂತೆ ಹಿಡಿಯುತ್ತಾರೆ. ಮತ್ತೆ ಇವರು, ಮತ್ತೆ ಅವರು. ನಾಲ್ಕನೆಯ ಚರಣಕ್ಕೆ ಬರುವಷ್ಟರಲ್ಲಿ ಪೈಪೋಟಿ ಹತ್ತಿದೆ. ಕುತ್ತಿಗೆಯ ನರಗಳು ಉಬ್ಬಿವೆ, ಮೇಲೆ ತೂಗುಬಿಟ್ಟ ದೀಪಗಳ ಗಾಜು ಸಣ್ಣಗೆ ನಡುಗುತ್ತಿದೆ. ಪರದೆಯ ಸಂದಿಯಿಂದ ಪಾದ್ರಿ ಅಬೂನಾ ಬಿಸಂತಿ ತಲೆ ಹೊರಹಾಕಿ, "ಸ್ವಲ್ಪ ಮೆಲ್ಲಗೆ ಹಾಡ್ರಪ್ಪಾ, ಸಂತರಿಗೆ ಕಿವಿ ಚೆನ್ನಾಗೇ ಕೇಳುತ್ತೆ" ಎನ್ನುತ್ತಾರೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಡುವೆ ನಿಂತ ಮುದುಕರ ಮುಖದಲ್ಲಿ ಮಾತ್ರ ಹೊಟ್ಟೆ ತುಂಬಿದವರ ಸಂತೋಷವಿದೆ.

ಅವರು ವನೀಸ್ ಬಖೀತ್. ಊರಿಗೆಲ್ಲ ವನೀಸ್ ಮೇಷ್ಟ್ರು. ಚರ್ಚಿನ ಹಾಡುಗಳನ್ನು ಕಲಿಸುವುದು, ಪೂಜೆಯಲ್ಲಿ ಎತ್ತಿಕೊಡುವುದು ಅವರ ಕೆಲಸ. ಹೊರಗೆ ಯಾರಿಗೂ ಅವರ ಹೆಸರು ಗೊತ್ತಿಲ್ಲ. ಪಟ್ಟಣದ ದೊಡ್ಡ ಚರ್ಚುಗಳ ಗಾಯಕರ ಹಾಡುಗಳು ಮೊಬೈಲಿನಲ್ಲಿ ಹರಿದಾಡುತ್ತವೆ, ಇವರ ದನಿ ಕಾಲುವೆ ದಾಟಿಲ್ಲ. ಆದರೆ ಈ ಊರಿನ ಚರ್ಚು ಇಂದು ಹೀಗೆ ಎರಡು ಕಡೆಯಿಂದಲೂ ಬಾಯಿ ತೆರೆದು ಹಾಡುತ್ತಿದೆಯಾದರೆ ಅದಕ್ಕೆ ಕಾರಣ ಯಾರೆಂದು ಇಲ್ಲಿ ಯಾರನ್ನು ಕೇಳಿದರೂ ಇದೇ ಮನುಷ್ಯನತ್ತ ಕೈ ತೋರಿಸುತ್ತಾರೆ.

ವನೀಸ್ ಹುಟ್ಟಿದ್ದು ದಕ್ಷಿಣ ಬೀದಿಯಲ್ಲಿ. ಎರಡು ವರ್ಷದ ಮಗುವಾಗಿದ್ದಾಗ ದಡಾರ ಬಂದು ಕಣ್ಣು ತೆಗೆದುಕೊಂಡು ಹೋಯಿತು. ಮಗ ಓಡಾಡುವಷ್ಟಾದಾಗ ತಾಯಿ ಅವನನ್ನು ಆಗಿನ ಹಾಡಿನ ಮೇಷ್ಟ್ರ ಮನೆಗೆ ಕರೆದೊಯ್ದು ಬಿಟ್ಟಳಂತೆ. ಆ ಮೇಷ್ಟ್ರೂ ಕುರುಡರೇ. "ಅವರ ಮೊಣಕಾಲಿನ ಮೇಲೆ ನನ್ನ ಕೈ ಇಟ್ಟುಕೊಂಡು ತಾಳ ಹಾಕ್ತಿದ್ರು. ತಪ್ಪಿದ್ರೆ ಕಿವಿ ಹಿಂಡೋರು. ನಂಗೆ ಕೀರ್ತನೆಗಳೆಲ್ಲ ಬಂದದ್ದು ಈ ಕಿವಿಯ ಒಳಗಿಂದಲೂ ಹೌದು, ಹೊರಗಿಂದಲೂ ಹೌದು" ಎಂದು ನಗುತ್ತಾರೆ.

ಹಾಡುವುದರಿಂದ ಹೊಟ್ಟೆ ತುಂಬುವುದಿಲ್ಲ. ಹಗಲೆಲ್ಲ ಮನೆಯ ಮುಂದಿನ ಚಾಪೆಯ ಮೇಲೆ ಕೂತು ಖರ್ಜೂರದ ಗರಿಯ ದಿಂಡಿನಿಂದ ಟೊಮೆಟೊ ತುಂಬುವ ಪೆಟ್ಟಿಗೆ ಮಾಡುತ್ತಾರೆ. ದಿಂಡನ್ನು ಕಾಲಿನ ಹೆಬ್ಬೆರಳುಗಳ ನಡುವೆ ಒತ್ತಿ ಹಿಡಿದು, ಉಳಿಯಿಂದ ತೂತು ಕೊರೆದು, ಒಂದರೊಳಗೊಂದು ಜೋಡಿಸುತ್ತಾರೆ. ಮೊಳೆ ಇಲ್ಲ, ಅಂಟು ಇಲ್ಲ. ಸಂಜೆ ವ್ಯಾಪಾರಿಯ ಗಾಡಿ ಬಂದು ಹೊತ್ತೊಯ್ಯುತ್ತದೆ. ಹೆಂಡತಿ ಬಲ್ಸಂ ಉತ್ತರ ಬೀದಿಯ ಹೆಣ್ಣು. ಇಬ್ಬರಿಗೂ ಮನೆಯೆಂದು ಕೊಟ್ಟಿದ್ದು ಚರ್ಚಿನ ಗೋಡೆಗೆ ತಾಗಿದ ಒಂದು ಕೋಣೆ. ಅದು ಎರಡು ಬೀದಿಗೂ ಸೇರಿಲ್ಲ.

ಈ ಊರಿನ ಜಗಳ ಶುರುವಾದದ್ದು ಒಂದು ಬಾಗಿಲಿನಿಂದ. ಹಳೆಯ ಮಣ್ಣಿಟ್ಟಿಗೆಯ ಚರ್ಚಿಗೆ ಎರಡು ಬಾಗಿಲಿದ್ದವು, ಒಂದೊಂದು ಬೀದಿಗೆ ಒಂದೊಂದು. ಮಾಳಿಗೆ ಕುಸಿಯುವಂತಾದಾಗ ಊರವರೆಲ್ಲ ಸೇರಿ ಹೊಸದು ಕಟ್ಟಲು ಹೊರಟರು. ಇಟ್ಟಿಗೆ ಹೊತ್ತವರಲ್ಲಿ ಎರಡೂ ಬೀದಿಯವರಿದ್ದರು. ಕಟ್ಟಡದ ಉಸ್ತುವಾರಿ ಉತ್ತರ ಬೀದಿಯ ಹಬಶಿ ಎಂಬವರದು. ಕಬ್ಬಿನ ವ್ಯಾಪಾರಿ, ಏರುದನಿಯ ಮನುಷ್ಯ. ಗಂಟೆಗೋಪುರದ ಮೆಟ್ಟಿಲಿಗೆ ಜಾಗ ಸಾಲದೆ ಬಂದಾಗ ಅವರು ಕೊನೆಯ ದಿನಗಳಲ್ಲಿ, ಕಟ್ಟಡದ ಸುತ್ತ ಬಿಗಿದಿದ್ದ ಗೋಣಿಪರದೆಯ ಮರೆಯಲ್ಲೇ, ದಕ್ಷಿಣದ ಬಾಗಿಲನ್ನು ಮುಚ್ಚಿಸಿ ಅಲ್ಲಿ ಗೋಡೆ ಎಬ್ಬಿಸಿಬಿಟ್ಟರು. ಹೊಸ ಚರ್ಚಿನ ಮೊದಲ ಪೂಜೆಯ ದಿನ ದಕ್ಷಿಣ ಬೀದಿಯವರು ಹಬ್ಬದ ಬಟ್ಟೆ ತೊಟ್ಟು ಬಂದು ನೋಡಿದರೆ ತಮ್ಮ ಕಡೆ ಬಾಗಿಲೇ ಇಲ್ಲ. ಆ ಬೀದಿಯ ಹಿರಿಯ ಫಾನೂಸ್, ಟುಕ್‌ಟುಕ್ ಆಟೋ ರಿಪೇರಿ ಮಾಡುವವರು, ಸುತ್ತು ಬಳಸಿ ಬಂದು ಹಬಶಿಯನ್ನು ಕೇಳಿದರು. ಹಬಶಿ ಜನರೆದುರಿಗೇ ಹೇಳಿದ ಮಾತು ಇದು: "ಬರೋ ಮನಸ್ಸಿದ್ರೆ ನಮ್ಮ ಬೀದಿ ಸುತ್ತಿ ಬಾ. ಇಲ್ಲಾಂದ್ರೆ ಮನೇಲೇ ಕೂತು ಪ್ರಾರ್ಥನೆ ಮಾಡು."

ಹಬಶಿ ಈಗ ಅದನ್ನು ಮುಚ್ಚಿಡುವುದಿಲ್ಲ. "ಮೆಟ್ಟಿಲನ್ನ ಬೇರೆ ಕಡೆ ಇಡಬಹುದಿತ್ತು. ಆಗ ಹೊಳೀಲಿಲ್ಲ. ಹೊಳೆದ ಮೇಲೆ ಒಪ್ಪಿಕೊಳ್ಳೋಕೆ ಮನಸ್ಸಾಗ್ಲಿಲ್ಲ" ಎನ್ನುತ್ತಾರೆ.

ದಕ್ಷಿಣದವರು ಚರ್ಚು ಬಿಟ್ಟು ಹೋಗಲಿಲ್ಲ. ಅವರ ದೀಕ್ಷಾಸ್ನಾನ ಆದದ್ದು ಅಲ್ಲಿ, ಅವರ ಹಿರಿಯರನ್ನು ಹೂಳಿದ್ದೂ ಅಲ್ಲೇ. ಬಂದರು, ತಮ್ಮ ಸಾಲಿನಲ್ಲಿ ನಿಂತರು, ಬಾಯಿ ಮಾತ್ರ ತೆರೆಯಲಿಲ್ಲ. ಉತ್ತರದವರು ತಮ್ಮ ಸಾಲು ಹಾಡುತ್ತಿದ್ದರು. ಮರುಸಾಲು ಬರಬೇಕಾದ ಕಡೆ ಬರೀ ಮೌನ. ಇವರೂ ಸೋಲಲಿಲ್ಲ, ಆ ಸಾಲನ್ನು ಹಾರಿಸಿ ತಮ್ಮ ಮುಂದಿನ ಸಾಲಿಗೆ ಹೋಗುತ್ತಿದ್ದರು. ಕೀರ್ತನೆಗಳೆಲ್ಲ ಅರ್ಧರ್ಧ ಆದವು. ಪೂಜೆಯ ನಡುವೆ ಒಬ್ಬರಿಗೊಬ್ಬರು 'ಸಮಾಧಾನವಿರಲಿ' ಎಂದು ಹೇಳಿ ಕೈ ಮುಟ್ಟಬೇಕಾದ ಹೊತ್ತಿನಲ್ಲಿ ಪ್ರತಿ ಬೀದಿಯವರೂ ತಮ್ಮವರನ್ನಷ್ಟೇ ಮುಟ್ಟಿ ಕೈ ಹಿಂದೆಗೆದುಕೊಂಡರು. ಎರಡು ಬೀದಿಗಳ ನಡುವೆ ಆಗಿದ್ದ ಒಂದು ನಿಶ್ಚಿತಾರ್ಥ ಮುರಿಯಿತು. ಆ ಹುಡುಗಿ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಸಾವಾದರೆ ಒಂದು ಬೀದಿಯವರು ಇನ್ನೊಂದು ಬೀದಿಯ ಮನೆಗೆ ಹೋಗಲಿಲ್ಲ. ಕಾಲುವೆಯಾಚೆಯ ನನ್ನ ಊರೂ ಸೇರಿದಂತೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಹಗೆತನವಿಲ್ಲ. ಅಬೂನಾ ಬಿಸಂತಿ ಬೈದರು, ಉಪವಾಸ ಕೂತರು, ಬಿಷಪ್ಪರ ಕಡೆಯವರನ್ನು ಕರೆಸಿದರು. ಬಂದವರು ಎರಡೂ ಬೀದಿಯಲ್ಲಿ ಚಹಾ ಕುಡಿದು ಹೊರಟುಹೋದರು.

ಆಗ ವನೀಸ್ ಮೇಷ್ಟ್ರು ಯಾರಿಗೂ ಏನೂ ಹೇಳದೆ ಒಂದು ಕೆಲಸ ಶುರುಮಾಡಿದರು. ಉತ್ತರದವರ ಜೊತೆ ಒಂದು ಸಾಲು ಹಾಡುವುದು, ಕೋಲು ಊರಿಕೊಂಡು ಆಚೆ ಬದಿಗೆ ದಾಟುವುದು, ಬಾಯಿ ಮುಚ್ಚಿ ನಿಂತ ದಕ್ಷಿಣದವರ ನಡುವೆ ನಿಂತು ಅವರ ಸಾಲನ್ನು ತಾವೊಬ್ಬರೇ ಹಾಡುವುದು, ಮತ್ತೆ ಈಚೆಗೆ ಬರುವುದು. "ಅರ್ಧ ಕೀರ್ತನೆ ಹಾಡೋದು ಅಂದ್ರೆ ಮದುವೆ ಮನೆಗೆ ಮೇಲಂಗಿ ಹಾಕ್ಕೊಂಡು ಪಾಯಿಜಾಮ ಬಿಟ್ಟು ಬಂದ ಹಾಗೆ. ಮನುಷ್ಯರ ಮುಂದೇ ಹಾಗೆ ನಿಲ್ಲಲ್ಲ, ದೇವರ ಮುಂದೆ ನಿಲ್ತೀವಾ?" ಎಂಬುದು ಅವರ ವಾದ.

ಮೊದಮೊದಲು ಹುಡುಗರು ಕಿಸಕ್ಕನೆ ನಕ್ಕರು. ಆಮೇಲೆ ನಗುವುದೂ ನಿಂತು, ಪೂಜೆಯುದ್ದಕ್ಕೂ ಕಲ್ಲು ನೆಲದ ಮೇಲೆ ಅವರ ಕೋಲಿನ ಸದ್ದು ಮಾತ್ರ ಕೇಳುತ್ತಿತ್ತು. ನಮ್ಮ ಮನೆಯ ಹೆಣ್ಣು ಕಟ್ಟಿಕೊಂಡು ಅವರ ಸಾಲು ಹಾಡುತ್ತೀರಲ್ಲ ಎಂದು ಉತ್ತರದವರು ಹಂಗಿಸಿದರು. ಹುಟ್ಟಿದ ಬೀದಿ ಮರೆತು ಅವರಿಗೆ ಹಾಡು ಎತ್ತಿಕೊಡುತ್ತೀರಲ್ಲ ಎಂದು ದಕ್ಷಿಣದವರು ಕುಟುಕಿದರು. ಇಬ್ಬರಿಗೂ ಮೇಷ್ಟ್ರದು ಒಂದೇ ಉತ್ತರ: "ನಂಗೆ ಆ ಕಡೇನೂ ಕಾಣಲ್ಲ, ಈ ಕಡೇನೂ ಕಾಣಲ್ಲ ಕಣಪ್ಪ. ಕಾಣೋರು ನೀವು, ನೀವೇ ನೋಡ್ಕೊಳ್ಳಿ."

ಕಷ್ಟ ಹೆಚ್ಚು ಬಿದ್ದದ್ದು ಬಲ್ಸಂ ಮೇಲೆ. ಹಿಟ್ಟಿನ ಗಿರಣಿಯಲ್ಲಿ ಎರಡು ಬೀದಿಯ ಹೆಂಗಸರೂ ಅವರೊಂದಿಗೆ ಮಾತು ಬಿಟ್ಟರು. ಒಡಹುಟ್ಟಿದ ಅಕ್ಕನ ಮನೆಯಲ್ಲೂ ಕೂರು ಎನ್ನುವವರಿರಲಿಲ್ಲ. ರೊಟ್ಟಿಯ ಹಿಟ್ಟನ್ನು ಉಬ್ಬಲೆಂದು ಬಿಸಿಲಿಗೆ ಇಡುತ್ತಲೇ ಅವರು ನನಗೆ ಹೇಳಿದರು: "ಇವರಿಗೇನು, ಕಣ್ಣು ಕಾಣಲ್ಲ. ಆ ಸಿಡುಕು ಮುಖಗಳನ್ನ ನೋಡಬೇಕಾದವಳು ನಾನು. ಒಂದು ದಿನ ರೇಗಿ ಕೇಳ್ದೆ, ನಿಮಗೊಬ್ಬರಿಗೇ ಯಾಕೆ ಈ ಉಸಾಬರಿ ಅಂತ. 'ನೀನು ಉತ್ತರದವಳು, ನಾನು ದಕ್ಷಿಣದವನು. ನಾವಿಬ್ಬರೂ ಒಂದೇ ತಟ್ಟೇಲಿ ತಿಂತೀವಲ್ಲ, ಅವರಿಗೇನು ರೋಗ' ಅಂದ್ರು."

ಎರಡು ಸಾಲಿನ ಹಾಡನ್ನು ಒಂದೇ ಗಂಟಲಿನಲ್ಲಿ ಹಾಡುತ್ತ ಒಂದು ವರ್ಷದ ಮೇಲಾಯಿತು. ಗಂಟಲು ಕಬ್ಬಿಣವಲ್ಲ. ಮೊದಲು ದನಿ ಒರಟಾಯಿತು, ಆಮೇಲೆ ನಡುನಡುವೆ ಕಡಿಯತೊಡಗಿತು. ಗಿರ್ಗಾ ಪಟ್ಟಣದ ವೈದ್ಯರು ನೋಡಿ, ಇನ್ನು ಹಾಡಿದರೆ ಮಾತೂ ಹೋಗುತ್ತದೆ ಎಂದು ಎಚ್ಚರಿಸಿದರು. ಮೇಷ್ಟ್ರು ಕೇಳಲಿಲ್ಲ. ಮುಂದಿನ ಭಾನುವಾರವೇ ಪೂಜೆಯ ಮಧ್ಯೆ ದಕ್ಷಿಣದ ಸಾಲಿನಲ್ಲಿ ನಿಂತು ಬಾಯಿ ತೆರೆದರೆ ಬರೀ ಗಾಳಿ ಬಂತು. ಇನ್ನೊಮ್ಮೆ ಯತ್ನಿಸಿದರು. ಆಮೇಲೆ ಕೋಲು ಊರಿಕೊಂಡು ಗೋಡೆ ಬದಿಗೆ ಹೋಗಿ ಕೂತುಬಿಟ್ಟರು. ಕೀರ್ತನೆ ಮತ್ತೆ ಅರ್ಧವಾಯಿತು. ತಮ್ಮ ಬದುಕಿನಲ್ಲಿ ಕಣ್ಣು ಹೋದದ್ದಕ್ಕೆ ಅತ್ತಿದ್ದು ನೆನಪಿಲ್ಲ, ಅವತ್ತು ಮನೆಗೆ ಬಂದು ಅತ್ತದ್ದು ನೆನಪಿದೆ ಎನ್ನುತ್ತಾರೆ.

ಕಳೆದ ವರ್ಷದ ಕಿಯಾಕ್ ತಿಂಗಳಲ್ಲಿ ಫಾನೂಸರ ತಾಯಿ ಗಲೀಲಜ್ಜಿ ತೀರಿಕೊಂಡರು. ಹೆಂಗಸರ ಕಡೆಯಲ್ಲಿ ಮುಂದಿನ ಬೆಂಚು ಅವರದು. ಗಂಡಸರು ತಪ್ಪು ಹಾಡಿದರೆ ಅಲ್ಲಿಂದಲೇ ಗದರುತ್ತಿದ್ದವರು. ಜಗಳದ ದಿನಗಳಲ್ಲಿ ಸ್ವಂತ ಮಗನಿಗೆ ಕೇಳುವಂತೆ, "ಬಾಯಿಗೆ ಬೀಗ ಹಾಕ್ಕೊಂಡೋನನ್ನ ನಾನೇ ಹೆತ್ತೆನಾ" ಎಂದು ಗೊಣಗುತ್ತಿದ್ದರಂತೆ. ಸುದ್ದಿ ಮುಂಜಾವಿನಲ್ಲೇ ಊರಿಗೆಲ್ಲ ಗೊತ್ತಾಯಿತು. ಉತ್ತರ ಬೀದಿಯ ಬಾಗಿಲುಗಳು ಮುಚ್ಚಿಯೇ ಇದ್ದವು. ದಕ್ಷಿಣದವರು ಸಾವಿನ ಮನೆಯ ಮುಂದೆ ಬೆಂಚು ಹಾಕಿದರು, ತಮ್ಮ ಲೆಕ್ಕಕ್ಕೆ ಎಷ್ಟು ಬೇಕೋ ಅಷ್ಟೇ.

ಬೆಳಕು ಹರಿಯುವ ಹೊತ್ತಿಗೆ ವನೀಸ್ ಮೇಷ್ಟ್ರು ಉತ್ತರ ಬೀದಿಯ ಮೊದಲ ಮನೆಯ ಬಾಗಿಲು ತಟ್ಟಿದರು. ತೆರೆದವನಿಗೆ ಪಿಸುದನಿಯಲ್ಲಿ ಹೇಳಿದ್ದಿಷ್ಟೇ: "ನನ್ನ ಗಂಟಲು ಹೋಗಿದೆ. ಇವತ್ತು ಗಲೀಲಜ್ಜಿನ ಹಾಡಿ ಕಳಿಸಬೇಕು. ನಿನ್ನ ಗಂಟಲು ಕೊಡು." ಅವನ ಉತ್ತರಕ್ಕೆ ಕಾಯಲಿಲ್ಲ. ಮುಂದಿನ ಮನೆ, ಅದರ ಮುಂದಿನ ಮನೆ. ಕೆಲವರು ತಲೆ ಅಲ್ಲಾಡಿಸಿದರು, ಆದರೆ ಕುರುಡರಿಗೆ ತಲೆ ಅಲ್ಲಾಡಿಸಿದರೆ ಏನು ಬಂತು? ಬಾಯಿಬಿಟ್ಟು ಇಲ್ಲ ಎನ್ನಬೇಕು. ಸತ್ತ ಅಜ್ಜಿಯ ಹೆಸರೆತ್ತಿ ಇಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಕೊನೆಗೆ ಹಬಶಿಯ ಮನೆ. ಅಲ್ಲಿ ನಡೆದ ಮಾತನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ, ಎರಡೂ ಒಂದೇ ರೀತಿ ಇದೆ.

"ನನ್ನನ್ನ ಯಾರೂ ಕರೆದಿಲ್ಲ ಮೇಷ್ಟ್ರೇ" ಎಂದರು ಹಬಶಿ.

"ಸಾವಿಗೆ ಯಾರು ಕರೀತಾರೆ ಮಾರಾಯಾ?"

"ಫಾನೂಸ್ ಎಲ್ಲರ ಮುಂದೆ ಹೊರಗೆ ಹೋಗು ಅಂದ್ರೆ?"

"ಅಂದ್ರೆ ಇಬ್ಬರಿಗೂ ಅನ್ನಬೇಕು. ನೀನು ನನ್ನ ಕೈ ಹಿಡ್ಕೊಂಡು ಹೋಗ್ತೀಯ. ನಂಗೆ ದಾರಿ ಕಾಣಲ್ಲ."

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ವನೀಸ್ ಮೇಷ್ಟ್ರು ಈ ಊರಿನಲ್ಲಿ ಯಾರ ಕೈಯನ್ನೂ ಹಿಡಿದು ನಡೆದವರಲ್ಲ. ಕಾಲುವೆಯ ಏರಿಯ ಮೇಲೂ ಒಬ್ಬರೇ ಹೋಗುತ್ತಾರೆ, ಎದುರಿಗೆ ಬರುವ ಕತ್ತೆಗೆ ದಾರಿ ಬಿಡುತ್ತಾರೆ. ಇದು ಹಬಶಿಗೂ ಗೊತ್ತು. ಆದರೂ ಆ ಮನುಷ್ಯ ಒಳಗೆ ಹೋಗಿ, ಶಾಲು ಹೊದ್ದು ಬಂದು, ಚಾಚಿದ ಆ ಕೈಯನ್ನು ಹಿಡಿದುಕೊಂಡರು.

ಇಬ್ಬರೂ ದಕ್ಷಿಣ ಬೀದಿಗೆ ಕಾಲಿಟ್ಟಾಗ ಬೆಂಚುಗಳ ಮೇಲಿದ್ದವರೆಲ್ಲ ಎದ್ದು ನಿಂತರು. ಗೌರವಕ್ಕೋ ಹೊಡೆದಾಟಕ್ಕೋ ಯಾರಿಗೂ ಗೊತ್ತಾಗಲಿಲ್ಲ. ಕೈ ಬಿಡಿಸಿಕೊಳ್ಳಲು ಹಬಶಿ ಒಮ್ಮೆ ನೋಡಿದರಂತೆ, ಮೇಷ್ಟ್ರ ಹಿಡಿತ ಸಡಿಲವಾಗಲಿಲ್ಲ. ಪೆಟ್ಟಿಗೆ ಕಟ್ಟುವ ಕೈ ಅದು. ಫಾನೂಸ್ ಬಾಗಿಲಲ್ಲಿ ನಿಂತಿದ್ದರು. ಹಬಶಿಯನ್ನು ನೋಡಿದರು, ಆ ಕೈಯನ್ನು ನೋಡಿದರು. ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಶವಪೆಟ್ಟಿಗೆ ಹೊರಟಾಗ ಹಿಂದೆ ತಿರುಗಿ ನೋಡಿದವರಿಗೆ ಉತ್ತರ ಬೀದಿಯ ಗಂಡಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಬಂದು ಮೆರವಣಿಗೆಗೆ ಸೇರಿಕೊಳ್ಳುವುದು ಕಂಡಿತು.

ಚರ್ಚಿನಲ್ಲಿ ಎಂದಿನ ಹಾಗೆ ಎರಡು ಸಾಲಾಯಿತು. ಸಾವಿನ ಕೀರ್ತನೆಯನ್ನು ಎತ್ತಿಕೊಡಬೇಕಾದವರು ಮೇಷ್ಟ್ರು. ಬಾಯಿ ತೆರೆದರು, ಕರಕರ ಸದ್ದು ಬಂತು, ನಿಂತಿತು. ಹಬಶಿ ಆ ಸಾಲನ್ನು ಹಿಡಿದು ಮುಗಿಸಿದರು. ಆಮೇಲೆ ಮೌನ. ಎರಡು ವರ್ಷದಿಂದ ದಕ್ಷಿಣದ ಸಾಲಿಗೆ ಅಭ್ಯಾಸವಾಗಿದ್ದ ಅದೇ ಮೌನ.

"ಹಬಶಿ ದನಿ ಕೇಳಿ ಮೊದಲು ಸಿಟ್ಟೇ ಬಂತು" ಎಂದು ಫಾನೂಸ್ ಹೇಳುತ್ತಾರೆ. "ಆಮೇಲೆ ಆ ಸಾಲು ಮುಗೀತು. ಅಮ್ಮ ಅಲ್ಲಿ ಮಲಗಿದಾಳೆ, ಮರುಸಾಲು ಹೇಳೋರು ಯಾರೂ ಇಲ್ಲ. ನಮ್ಮಮ್ಮನ್ನ ಅರ್ಧ ಹಾಡಲ್ಲಿ ಕಳಿಸ್ತೀನಾ ಅನ್ನಿಸ್ತು. ಬಾಯಿ ತಾನಾಗೇ ತೆರೀತು. ಹಾಡಿದ್ದೋ ಅತ್ತಿದ್ದೋ, ನಂಗೇ ಗೊತ್ತಿಲ್ಲ."

ಅದು ಹಾಡೇ ಎಂಬುದಕ್ಕೆ ನಾನು ಸಾಕ್ಷಿ. ಅವತ್ತು ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಫಾನೂಸರ ಒಂಟಿ ದನಿ ಅರ್ಧ ಸಾಲು ಹೋಗುವುದರಲ್ಲಿ ಅವರ ತಮ್ಮ ಸೇರಿಕೊಂಡ, ಮುಂದಿನ ಚರಣಕ್ಕೆ ಇಡೀ ದಕ್ಷಿಣದ ಸಾಲು ಸೇರಿತು. ಉತ್ತರದವರು ಹಿಡಿದರು, ಇವರು ಮರಳಿಸಿದರು. ಹೆಂಗಸರ ಕಡೆಯಿಂದ ಅಳು ನಿಂತು ಅಲ್ಲಿಂದಲೂ ಹಾಡು ಎದ್ದಿತು. ನಡುವೆ ವನೀಸ್ ಮೇಷ್ಟ್ರು ಎರಡು ಕೈಯನ್ನೂ ಕೋಲಿನ ಮೇಲಿಟ್ಟು ಸುಮ್ಮನೆ ನಿಂತಿದ್ದರು. ಅವರು ಆ ಕಡೆಗೂ ದಾಟಬೇಕಾಗಿರಲಿಲ್ಲ, ಈ ಕಡೆಗೂ ದಾಟಬೇಕಾಗಿರಲಿಲ್ಲ.

ಅಂದು ಮಧ್ಯಾಹ್ನ ಉತ್ತರ ಬೀದಿಯಿಂದ ಸಾವಿನ ಮನೆಗೆ ಊಟದ ತಟ್ಟೆಗಳು ಹೊರಟವು. ಉಪವಾಸದ ತಿಂಗಳಾದ್ದರಿಂದ ಮಾಂಸವಿಲ್ಲ. ಬೇಳೆ, ಅವರೆಯ ಗೊಜ್ಜು, ಬಿಸಿಲಲ್ಲಿ ಉಬ್ಬಿದ ರೊಟ್ಟಿ. ಹೊತ್ತು ತಂದ ಹೆಂಗಸರ ಮುಂದೆ ನಡೆದವರು ಬಲ್ಸಂ. ಮೂರನೆಯ ದಿನ ಅಬೂನಾ ಬಿಸಂತಿ ಆ ಮನೆಗೆ ಬಂದು ಪ್ರಾರ್ಥನೆ ಮಾಡಿ, ಒಬ್ಬರಿಗೊಬ್ಬರು ಸಮಾಧಾನ ಹೇಳಿ ಎಂದಾಗ ಹಬಶಿ ಎದ್ದು ಫಾನೂಸರ ಕೈ ಮುಟ್ಟಿದರು. ಫಾನೂಸ್ ಆ ಕೈಯನ್ನು ಬಿಡದೆ ಪಕ್ಕದಲ್ಲೇ ಕೂರಿಸಿಕೊಂಡರು. ಕ್ಷಮೆ ಕೇಳಿದ್ದು, ಕೊಟ್ಟಿದ್ದು ಯಾರ ಕಿವಿಗೂ ಬೀಳಲಿಲ್ಲ. ಆದರೆ ಉಪವಾಸ ಮುಗಿದು ಹಬ್ಬ ಕಳೆದ ವಾರ ಹಬಶಿ ಪಿಕಾಸಿ ಹಿಡಿದು ಬಂದು ದಕ್ಷಿಣದ ಗೋಡೆಗೆ ಮೊದಲ ಏಟು ತಾವೇ ಹಾಕಿದರು. ಎರಡನೆಯ ಏಟು ಫಾನೂಸರದು. ಸಂಜೆಯ ಹೊತ್ತಿಗೆ ಎರಡು ಬೀದಿಯ ಯುವಕರು ಧೂಳು ಮೆತ್ತಿಕೊಂಡು ಒಂದೇ ಹೂಜಿಯಿಂದ ನೀರು ಕುಡಿಯುತ್ತಿದ್ದರು. ಗಂಟೆಗೋಪುರದ ಮೆಟ್ಟಿಲು ಹಿಂಬದಿಗೆ ಹೋಯಿತು.

ಹೊಸ ಬಾಗಿಲಿನಲ್ಲಿ ಮೊದಲು ಒಳಗೆ ಹೋಗುವವರು ಯಾರು ಎಂದು ಗಂಡಸರು ಒಬ್ಬರಿಗೊಬ್ಬರು ಒತ್ತಾಯಿಸುತ್ತ ನಿಂತಿದ್ದರು. ನೀವು ಮೊದಲು, ಇಲ್ಲ ನೀವು ಎಂದು ಮತ್ತೊಂದು ಜಗಳವಾಗುವ ಲಕ್ಷಣ ಕಂಡಿತು. ಅಷ್ಟರಲ್ಲಿ ಉತ್ತರ ಬೀದಿಯ ಮುದುಕಿಯರು ಚರ್ಚಿನ ತಮ್ಮ ಕಡೆಯ ಬಾಗಿಲು ಬಿಟ್ಟು, ಬೇಕೆಂದೇ ಊರು ಸುತ್ತಿ ಬಂದು, ಕಪ್ಪು ಸೆರಗು ಹಾರಿಸಿಕೊಂಡು ಸಾಲಾಗಿ ಒಳಗೆ ನಡೆದರು. ಮುರಿದುಬಿದ್ದಿದ್ದ ಆ ನಿಶ್ಚಿತಾರ್ಥದ ಮದುವೆ ಬೇಸಿಗೆಯಲ್ಲಿ ನಡೆಯಿತು. ಹುಡುಗಿ ಒಳಗೆ ಬಂದದ್ದು ದಕ್ಷಿಣದ ಬಾಗಿಲಿನಿಂದ, ಗಂಡನ ಜೊತೆ ಹೊರಟದ್ದು ಉತ್ತರದ ಬಾಗಿಲಿನಿಂದ. ಎರಡೂ ಕಡೆ ಹೆಂಗಸರು ನಾಲಗೆ ಹೊರಳಿಸಿ ಹಾಕಿದ ಹರ್ಷದ ಕೂಗು ಗಗನಕ್ಕೇರಿತ್ತು.

ಮೇಷ್ಟ್ರ ಗಂಟಲು ತಿಂಗಳುಗಟ್ಟಲೆ ವಿಶ್ರಾಂತಿ ಪಡೆದು ಈಗ ಅರ್ಧ ಮರಳಿದೆ. ಎತ್ತರದ ಸ್ವರ ಹೋಯಿತು. ಕೀರ್ತನೆಯ ಮೊದಲ ಪದವನ್ನಷ್ಟೇ ತಗ್ಗಿನ ದನಿಯಲ್ಲಿ ಎತ್ತಿಕೊಡುತ್ತಾರೆ, ಉಳಿದದ್ದು ತಾಳ ನೋಡಿಕೊಳ್ಳುತ್ತದೆ. ಬೇಸರವಿಲ್ಲವೇ ಎಂದು ಕೇಳಿದೆ. "ಅಡುಗೆಯವನು ಬಡಿಸಿದ ಮೇಲೆ ಯಾಕೆ ಬೇಸರ ಪಡ್ತಾನೆ? ಉಣ್ಣೋರು ಉಣ್ಲಿ" ಎಂದರು.

ಕಳೆದ ಶುಕ್ರವಾರ ಅವರು ಮಕ್ಕಳಿಗೆ ಪಾಠ ಹೇಳುವಾಗ ನಾನು ಅಂಗಳದಲ್ಲಿ ಕೂತಿದ್ದೆ. ಎರಡು ಸಾಲು ಮಾಡಿಸಿದ್ದರು. ಯಾವ ಸಾಲಿನಲ್ಲಿ ಯಾರು ನಿಲ್ಲಬೇಕೆಂಬ ಕಟ್ಟುಪಾಡು ಈಗ ಮಕ್ಕಳಿಗಿಲ್ಲ, ಓಡಿ ಬಂದವರು ಸಿಕ್ಕ ಕಡೆ ನಿಲ್ಲುತ್ತಾರೆ. ಹಾಡು ನಡೆಯುತ್ತಿತ್ತು. ಇವರಲ್ಲಿ ಉತ್ತರ ಬೀದಿಯ ಮಕ್ಕಳು ಯಾರು, ದಕ್ಷಿಣದವರು ಯಾರು ಎಂದು ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿ ಕೇಳಿದೆ. ತಾಳ ನಿಲ್ಲಿಸದೆ ಸ್ವಲ್ಪ ಹೊತ್ತು ಆಲಿಸಿದರು.

"ಮೊದಲೆಲ್ಲ ಕೆಮ್ಮಿದ್ರೆ ಸಾಕು, ಯಾವ ಬೀದಿಯವನು ಅಂತ ಹೇಳಿಬಿಡ್ತಿದ್ದೆ" ಎಂದರು. "ಈಗ ಗೊತ್ತಾಗಲ್ಲಪ್ಪ. ಎಷ್ಟು ಕಿವಿಗೊಟ್ಟರೂ ಗೊತ್ತಾಗಲ್ಲ."

ಹಾಗೆ ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಬೇಕಿತ್ತು.